ನಡುಹೊಳೆಯ ರಾಜಿ

ಕೆಂಚನಗುಡ್ಡದ ಹರಿಗೋಲಿನವನು, ನನ್ನ ಗೆಳೆಯ ಲಾಲಸಾಬ್, ಹೋದ ವಾರ ತೀರಿಕೊಂಡ.

ಕಾಬೂಲಿನ ಯುದ್ಧದ ವರ್ಷ, ಸರಕನ್ನು ಮೊದಲು ಯಾರು ಶೋಧಿಸಬೇಕೆಂದು ನಮ್ಮ ದಡದ ಸುಂಕದ ಜಮಾದಾರನೂ ಹೊಳೆಯಾಚೆ ನಿಜಾಮರ ಸೀಮೆಯ ಜಮಾದಾರನೂ ಜಗಳವಾಡಿ ಸರಕು ದಾಟಿಸುವುದನ್ನೇ ನಿಲ್ಲಿಸಿದರು. ಆಚೆಗೆ ಸಾಗಿಸಬೇಕಿದ್ದ ನನ್ನ ಉಪ್ಪಿನ ಮೂಟೆಗಳು ಈಚೆ ದಡದ ಬಯಲಲ್ಲಿದ್ದವು, ಮೋಡ ಕಟ್ಟಿತ್ತು. ಮಾತುಕತೆಗೆ ಎದುರಿನವನ ದಡಕ್ಕೆ ಹೋದರೆ ಸೋತಂತೆಂದು ಇಬ್ಬರೂ ಕದಲಲಿಲ್ಲ. ಲಾಲಸಾಬನೂ ಅವನ ತಮ್ಮನೂ ಒಂದೊಂದು ಹರಿಗೋಲಿನಲ್ಲಿ ಒಬ್ಬೊಬ್ಬ ಜಮಾದಾರನನ್ನು ಕರೆತಂದು ನಡುಹೊಳೆಯಲ್ಲಿ ಹರಿಗೋಲುಗಳನ್ನು ಜೋಡಿಸಿ ಕಟ್ಟಿದರು. ಅಲ್ಲೂ ವಾದ ಮುಗಿಯದಿದ್ದಾಗ ಲಾಲಸಾಬ್ ಹುಟ್ಟು ಹಾಕಿ ಗರಗರ ತಿರುಗಿಸಿದ.

"ನಿಲ್ಲಸಲೇ, ತಲಿ ತಿರಗಾಕ ಹತ್ತೈತಿ!" ನಮ್ಮ ಜಮಾದಾರ ಕೂಗಿದ.

"ನಿಮ್ಮ ಮಾತು ಮುಗದ್ರ ನಿಲ್ಲತೈತ್ರಿ, ಸಾಹೇಬ್ರ."

ಇಬ್ಬರೂ ಕೂಡಿಯೇ ಶೋಧಿಸಲು ಒಪ್ಪಿದರು. ಸಂಜೆ ಮಳೆ ಸುರಿಯುವ ಹೊತ್ತಿಗೆ ಉಪ್ಪು ಆಚೆಯ ಚಾವಡಿ ಸೇರಿತ್ತು. ಅದರ ಬಾಗಿಲಲ್ಲಿ ಲಾಲಸಾಬನ ಪಕ್ಕ ಕೂತು ಮಳೆ ನೋಡಿದೆ. ಅಷ್ಟು ನಿರಾಳವಾಗಿ ಮತ್ತೆಂದೂ ಕೂತಿಲ್ಲ.