ಐಸಮ್ಮನ ಹಗುರ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ಐಸಮ್ಮ ಸ್ವೆಟರಿನ ಮೇಲೊಂದು ಸ್ವೆಟರ್ ತೊಟ್ಟು, ಮಂಜುಗಡ್ಡೆಯಲ್ಲಿ ಹೂತಿಟ್ಟ ಗಾಜಿನ ಕೊಳವೆಯೊಳಗೆ ಗಾಜಿನದೇ ಪುಟ್ಟ ಒನಕೆಯನ್ನು ಮೆಲ್ಲಗೆ ಇಳಿಸಿ ಎತ್ತುತ್ತಿದ್ದಾರೆ. ಕೈಯಲ್ಲಿ ಸದಾ ಐಸಿನ ಬಕೆಟ್ಟು, ಅದಕ್ಕೇ ಈ ಹೆಸರು. ಒನಕೆಯಡಿ ಯೀಸ್ಟ್ ಜೀವಕೋಶಗಳು ಒಡೆಯಬೇಕು, ಅವುಗಳ ಒಳಗಿನ ಮೈಟೊಕಾಂಡ್ರಿಯ ಮಾತ್ರ ಒಡೆಯಕೂಡದು. ಕೈ ತುಸು ಜೋರಾದರೂ ಮುಗಿಯಿತು, ಇಡೀ ದಿನದ ಪ್ರಯೋಗ ನೀರುಪಾಲು.

ಮೈಟೊಕಾಂಡ್ರಿಯ ಎಂದರೆ ಜೀವಕೋಶದ ಒಲೆ. ಅದಕ್ಕೆ ಬೇಕಾದ ಪ್ರೋಟೀನುಗಳು ಬಹುಪಾಲು ಹೊರಗೇ ತಯಾರಾಗುತ್ತವೆ. ಬಾಗಿಲೋ ತೀರಾ ಕಿರಿದು. ಮಡಿಚಿಕೊಂಡ ಪ್ರೋಟೀನು ಬಿಚ್ಚಿಕೊಂಡು ದಾರದೆಳೆಯಂತಾದರೆ ಮಾತ್ರ ಒಳಗೆ ಪ್ರವೇಶ; ಒಳಗಿರುವ ಬೇರೆ ಪ್ರೋಟೀನುಗಳು ಅದನ್ನು ಎಳೆದುಕೊಂಡು ಮತ್ತೆ ಮಡಿಚುತ್ತವೆ. ಇದೆಲ್ಲ ಹೇಗೆ ನಡೆಯುತ್ತದೆಂದು ಇಲ್ಲಿ ಹುಡುಕುತ್ತಾರೆ. ಅಚ್ಚಾದ ಪ್ರಬಂಧಗಳಲ್ಲಿ ಐಸಮ್ಮನ ಹೆಸರು ಎಲ್ಲೂ ಇಲ್ಲ, ಬಿಡಿ.

ಅವರ ಹದಿನೆಂಟರ ಮಗನಿಗೆ ಚಿಕ್ಕಂದಿನಿಂದ ಕಿವಿ ಕೇಳಿಸದು. ತಾಯಿ-ಮಗನ ಹರಟೆ, ಜಗಳ, ತಮಾಷೆ ಎಲ್ಲ ಕೈಸನ್ನೆಯಲ್ಲೇ. ಪಕ್ಕದ ಮನೆಯಾಕೆಯ ನಡಿಗೆಯನ್ನು ಅವನು ಎರಡು ಬೆರಳಲ್ಲಿ ಅಣಕಿಸಿದರೆ ಐಸಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಚೆಗೆ ಆ ಬೆರಳುಗಳೇ ಸೆಟೆದು ಮಡಿಚಿಕೊಳ್ಳುತ್ತಿವೆ. ಹೇಳಲಿಕ್ಕೂ ಸಂಕಟವಾಗುತ್ತದೆ: ಮೈಟೊಕಾಂಡ್ರಿಯದ ಬಾಗಿಲು ದಾಟಿ ಬಂದ ಕೆಲವು ಪ್ರೋಟೀನುಗಳನ್ನು ಕೈಹಿಡಿದು ಮುಂದಕ್ಕೆ ನಡೆಸುವ ಒಂದು ಪುಟ್ಟ ಪ್ರೋಟೀನು ಅವನ ಮೈಯಲ್ಲಿ ತಯಾರಾಗುವುದಿಲ್ಲ. ಕಿವಿ ಹೋದದ್ದೂ ಬೆರಳು ಸೆಟೆಯುವುದೂ ಅದರಿಂದಲೇ, ಆ ಕೊರತೆ ಬಂದದ್ದು ತಾಯಿಯಿಂದ ಎಂದರು ವೈದ್ಯರು.

"ಇಷ್ಟು ವರ್ಷ ಅದೇ ಬಾಗ್ಲ ಮುಂದೆ ಕೆಲ್ಸ ಮಾಡ್ದೆ. ಮನೇಲೇ ಅದು ಕೆಟ್ಟಿದೆ ಅಂತ ಗೊತ್ತಾಗ್ಲಿಲ್ಲ ನೋಡಿ," ಎನ್ನುತ್ತಾರೆ ಐಸಮ್ಮ.

ಮಗನ ಕಾಯಿಲೆಗೆ ಮದ್ದು ಯಾವಾಗ ಬರುತ್ತದೆಂದು ಪ್ರಯೋಗಾಲಯದ ಮೇಡಂ ಅವರನ್ನು ಒಮ್ಮೆ ಕೇಳಿದ್ದರು. ಅವನ ಕಾಲಕ್ಕೆ ಬರಲಿಕ್ಕಿಲ್ಲ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಆ ದಿನ ಐಸಮ್ಮನ ಕೈ ಮೊದಲ ಬಾರಿ ಜೋರಾಯಿತು, ಮೈಟೊಕಾಂಡ್ರಿಯ ಎಲ್ಲ ಒಡೆದುಹೋದವು. ಯಾರೂ ಬೈಯಲಿಲ್ಲ. ಮರುದಿನ ಅವರು ಇನ್ನೂ ಬೇಗ ಬಂದರು.

ಈಗ ಕೆಲಸಕ್ಕೆ ಹೊರಡುವ ಮುನ್ನ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಬೆರಳು ಬಿಚ್ಚಿಕೊಂಡಿರುವಷ್ಟು ಹೊತ್ತು ಅವನಿಗೆ ಮಾತು. ಇವತ್ತು ಏನು ಹೇಳಿದ ಎಂದು ಕೇಳಿದರೆ ಅವರು ಒನಕೆ ನಿಲ್ಲಿಸದೆಯೇ ಹೇಳುತ್ತಾರೆ.

"ನಿನ್ ಕೈ ತಣ್ಣಗಿದೆ ಅಮ್ಮ, ಅಂದ. ಅಷ್ಟಕ್ಕೇ ಬೆರಳು ಮತ್ತೆ ಮುಚ್ಕೊಂಡ್ವು. ಅವನ ಕೈಯಿಂದ ಕೊನೇ ಮಾತು ಬರೋವಾಗ ನಾನು ಮನೇಲಿರ್ಬೇಕು. ನೋಡೋರಿಲ್ದೆ ಗೋಡೆ ನೋಡ್ಕೊಂಡು ಹೇಳೋ ಹಾಗಾಗ್ಬಾರ್ದು, ಅಷ್ಟೇ ನನ್ನಾಸೆ."