ಎಳ್ಳಮಾವಾಸ್ಯೆಗೆ ಬಂದ ಪರೀಕ್ಷಕಿ

ಪರದೇಶದಿಂದ ಯಾರಾದರೂ ಹಕ್ಕಿ ನೋಡಲು ಬರುತ್ತೇನೆ ಎಂದರೆ, ಊರ ಮಂದಿಯೆಲ್ಲ ಹೊಲದಲ್ಲಿರುವ ದಿನವನ್ನು ಬಿಟ್ಟು ಬೇರೆ ದಿನ ಕರೆಯಬೇಕು. ಇದನ್ನು ತಿಳಿಯಲು ದೊಡ್ಡ ಓದು ಬೇಕಿಲ್ಲ. ಆದರೆ ನಮ್ಮ ಮನೆಯವರಿಗೆ ತಿಳಿಯಲಿಲ್ಲ. ತಹಶೀಲ್ ಕಚೇರಿಯಲ್ಲಿ ಸರ್ವೀಸು ಮುಗಿಸಿದವರು. ಯಾವ ಸಾಹೇಬರ ದೌರಾ ಯಾವ ದಿನ ಇಡಬೇಕು, ಯಾರಿಗೆ ಎಲ್ಲಿ ಚಹಾ ಕುಡಿಸಬೇಕು ಎಂದು ಇಡೀ ಸೇಡಂಗೆ ಹೇಳಿಕೊಡುತ್ತಿದ್ದವರು. ಅವರೇ ಕ್ಯಾಲೆಂಡರ್ ಮುಂದೆ ನಿಂತು ನನ್ನ ನೆಗೆಣ್ಣಿಗೆ ಬೆರಳಿಟ್ಟು ತೋರಿಸಿದರು.

"ಎಳ್ಳಮಾಸಿ ದಿನಾನೇ ಬರ್ರಿ ಅಂತ ಬರೀವಾ. ಹೊಲ ತುಂಬ ಮಂದಿ ಇರ್ತದ. ನೋಡ್ಲಿಕ್ಕಿ ಭಾಳ ಛಂದ."

"ಅವ್ರು ಮಂದೀನ್ನ ನೋಡ್ಲಿಕ್ಕಿ ಬರ್ಲಿಕತ್ತಾರೇನ್ರಿ?" ಎಂದು ಕೇಳಿದೆ.

"ನಿನಗ ತಿಳಿಯಂಗಿಲ್ಲ, ಸುಮ್ಕ ಇರು. ಮಂದಿ ಇದ್ರ ನಮ್ಮ ಕೆಲಸಕ್ಕ ಒಂದು ವಜನ."

ಅವರು ವಜನದ ಮಾತು ಎತ್ತಿದರೆ ಆಮೇಲೆ ಯಾರ ಮಾತೂ ನಡೆಯುವುದಿಲ್ಲ.

ಕೆಲಸ ಅವರದಲ್ಲ, ನನ್ನ ನೆಗೆಣ್ಣಿಯದು. ಮೈದುನನ ಹೆಂಡತಿ, ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾಳೆ. ನಾವು ಸೇಡಂನ ಒಂದೇ ಮನೆಯಲ್ಲಿದ್ದೇವೆ, ಒಂದೇ ಒಲೆ. ಮುಧೋಳದ ಹತ್ತಿರ ನಮ್ಮ ತೊಗರಿ ಹೊಲ. ಕಾಯಿ ಕಟ್ಟುವ ಹೊತ್ತಿಗೆ ಹುಳು ಬೀಳುವುದು, ಎಲ್ಲರೂ ಔಷಧ ಹೊಡೆಯುವುದು ಪ್ರತಿ ವರ್ಷದ ಮಾತು. ಇವಳು ಹೊಸದೊಂದು ಮಾಡಿದಳು. ಹೊಲದ ನಡುವೆ ಅಲ್ಲಲ್ಲಿ ಕಟ್ಟಿಗೆ ನೆಟ್ಟು, ಮೇಲೆ ಅಡ್ಡ ಕೋಲು ಕಟ್ಟಿ, ಹಕ್ಕಿ ಕೂರಲು ಜಾಗ ಮಾಡಿದಳು. ಇಷ್ಟನ್ನು ಬೇರೆಯವರೂ ಮಾಡುತ್ತಾರಂತೆ. ಆದರೆ ಬಿಸಿಲೇರಿದರೆ ಹಕ್ಕಿ ನೀರು ಹುಡುಕಿಕೊಂಡು ಹೊರಟುಬಿಡುತ್ತದೆ. ಅದಕ್ಕೆ ಶಹಾಬಾದಿನ ಕಡೆ ಒಡೆದು ಬಿಸಾಡುವ ಫರಸಿ ಕಲ್ಲಿನ ತುಂಡುಗಳನ್ನು ತರಿಸಿ, ನಡುವೆ ತಗ್ಗು ಕೊರೆಯಿಸಿ, ಪ್ರತಿ ಕಟ್ಟಿಗೆಯ ಬುಡದಲ್ಲಿ ಗಿಡದ ನೆರಳಿಗೆ ಇಟ್ಟು ನೀರು ತುಂಬಿಸಿದಳು. ಹಕ್ಕಿ ಸಂಜೆಯವರೆಗೂ ಹೊಲ ಬಿಡಲಿಲ್ಲ. ನಾವು ಔಷಧ ಹೊಡೆಯುವುದು ಬಿಟ್ಟೆವು. ಹುಳು ಪೂರ್ತಿ ಹೋಯಿತು ಎನ್ನಲಾರೆ, ಆದರೆ ಮನೆಯ ಬೇಳೆಗೆ ಕೊರತೆ ಆಗಲಿಲ್ಲ. ಶಿವನ ದಯೆ.

ತೊಂದರೆ ಇದ್ದದ್ದು ಬದುವಿನ ಆಚೆ. ಅಲ್ಲಿ ಕಾಕಾನ ಹೊಲ. ಮಾವನವರ ದಾಯಾದಿ ತಮ್ಮ, ಈ ವಯಸ್ಸಿನಲ್ಲೂ ಬೆನ್ನಿಗೆ ಪಂಪು ಕಟ್ಟಿಕೊಂಡು ತಾನೇ ಔಷಧ, ನಮ್ಮ ಮಾತಿನಲ್ಲಿ ಎಣ್ಣಿ, ಹೊಡೆಯುವ ಮನುಷ್ಯ. ನಮ್ಮ ಕಟ್ಟಿಗೆಯ ಮೇಲೆ ಕೂತ ಹಕ್ಕಿ ಅವರ ಹೊಲದ ವಿಷ ತಾಗಿದ ಹುಳುವನ್ನೂ ತಿನ್ನುತ್ತದೆ. ಒಂದು ಬೆಳಿಗ್ಗೆ ಬಾಲ ಕತ್ತರಿಯಂತೆ ಸೀಳಿದ ಕರಿ ಹಕ್ಕಿಯೊಂದು ನಮ್ಮ ಫರಸಿಯ ಪಕ್ಕ ಸತ್ತು ಬಿದ್ದಿತ್ತು. ನೆಗೆಣ್ಣಿ ಅದನ್ನು ಸೆರಗಿನಲ್ಲಿ ಹಿಡಿದುಕೊಂಡೇ ಕಾಕಾನ ಮುಂದೆ ಹೋಗಿ ನಿಂತಳು.

"ಕಾಕಾ, ಒಂದೇ ವರ್ಷ ಎಣ್ಣಿ ಹೊಡಿಯೂದು ಬಿಡ್ರಿ."

"ನೀ ಸಾಲ್ಯಾಗ ಹುಡುಗರಿಗೆ ಹೇಳವ್ವಾ, ನನಗ ಬ್ಯಾಡ. ನಿನ್ನ ಅರ್ಜಿ ಪರದೇಶಕ್ಕ ಹೋಗ್ಯಾದಂತಲ್ಲ? ಅವ್ರು ಬಂದು ಕಣ್ಣಾರ ನೋಡಿ ಖರೇ ಅದ ಅನ್ಲಿ. ಅವತ್ತೇ ಪಂಪ್ ಅಟ್ಟದ ಮ್ಯಾಲ ಇಡ್ತೀನಿ."

ಅರ್ಜಿ ಹೋದದ್ದು ನಿಜ. ವಿಜ್ಞಾನದಲ್ಲೋ, ಕಾಡು ಪ್ರಾಣಿ ಪಕ್ಷಿಗಳನ್ನು ಕಾಪಾಡುವುದರಲ್ಲೋ, ಊರಿನ ಕೆಲಸದಲ್ಲೋ ಹೊಸ ದಾರಿ ಹುಡುಕಿದವರಿಗೆ ಪರದೇಶದ ಒಂದು ಸಂಸ್ಥೆ ಬಹುಮಾನ ಕೊಡುತ್ತದಂತೆ. ಇವಳ ಕೆಲಸ ಕಡೆಯ ಸುತ್ತಿಗೆ ಬಂದಿತ್ತು. ಪರೀಕ್ಷೆ ಮಾಡುವವರು ಒಬ್ಬರು ಖುದ್ದು ಬಂದು ನೋಡುವುದು ಮಾತ್ರ ಬಾಕಿ. ಬಹುಮಾನ ಬಂದರೆ ಸಂತೋಷ. ಬಾರದಿದ್ದರೂ ಆ ಪರೀಕ್ಷಕರು ಬಂದು ಕಾಕಾನ ಎದುರು ಒಂದು ಮಾತು ಹೇಳಿದರೆ ಸಾಕಿತ್ತು. ಕಾಕಾನ ಹೊಲದಲ್ಲಿ ಔಷಧ ನಿಲ್ಲದಿದ್ದರೆ ಇವಳು ಎಷ್ಟು ನೀರಿಟ್ಟರೂ ಹಕ್ಕಿಯನ್ನು ಕರೆದು ಕೊಂದ ಹಾಗೇ.

ಬಂದವರು ಒಬ್ಬ ಹೆಂಗಸು. ಬಿಳಿ ಕೂದಲು, ಕೊರಳಲ್ಲಿ ದುರ್ಬೀನು, ಮುಖದಲ್ಲಿ ಒಳ್ಳೆಯ ನಗು. ಅಮಾವಾಸ್ಯೆಯ ನಸುಕಿನಲ್ಲೇ ವಾಡಿಯಲ್ಲಿ ರೈಲಿಳಿದರು. ಸಂಜೆ ಅಲ್ಲಿಂದಲೇ ವಾಪಸು ರೈಲು. ಬೆಳಗಿನ ಹೊತ್ತಿಗೆ ಹೊಲದಲ್ಲಿರಬೇಕು, ಹಕ್ಕಿ ಚುರುಕಾಗಿರುವುದೇ ಆಗ ಎಂದು ನೆಗೆಣ್ಣಿ ಎಷ್ಟು ಸಲ ಹೇಳಿದ್ದಳೋ. ಕಾರು ತೆಗೆದುಕೊಂಡು ಹೋದ ನಮ್ಮ ಯಜಮಾನರು ನೇರ ಬಂದರೇ? ಚಿತ್ತಾಪುರದಲ್ಲಿ ಹಳೆಯ ದೋಸ್ತನ ಮನೆ ಇದೆ ಎಂದು ನಿಲ್ಲಿಸಿ, ಚುರುಮುರಿ ಸುಸಲಾ, ಮಿರ್ಚಿ ತಿನ್ನಿಸಿ, ಆ ಮನೆಯ ಮಂದಿಯೆಲ್ಲ ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಬಿಸಿಲು ಮೇಲೇರಿತ್ತು.

ಇತ್ತ ಹೊಲದಲ್ಲಿ ಏನಾಗಿತ್ತೆಂದು ಹೇಳುತ್ತೇನೆ. ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಮನೆಗೆ ಬೀಗ ಹಾಕಿ ಊರಿಗೆ ಊರೇ ಹೊಲಕ್ಕೆ ಬರುವ ದಿನ. ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಬುಟ್ಟಿ ತುಂಬಿ ತಂದು, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಅನ್ನವನ್ನು ಬೆಳೆಯ ಸುತ್ತ ಚೆಲ್ಲುತ್ತೇವೆ. ಅದು ಚರಗ, ಭೂಮಿತಾಯಿಯ ಪಾಲು. ನಾನು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅಡುಗೆ ಹೊತ್ತು ತಲುಪುವ ಮೊದಲೇ ಕಾಕಾನ ಹೆಂಡತಿ ಕಾಕಿ ಮತ್ತು ಸುತ್ತಿನ ಹೆಂಗಸರು ಬಂದುಬಿಟ್ಟಿದ್ದರು. ಪರದೇಶದ ಅತಿಥಿ ಬರುತ್ತಾರೆ, ನಮ್ಮ ಹುಡುಗಿಯ ಕಟ್ಟಿಗೆಗಳು ಬೋಳು ಬೋಳಾಗಿ ನಿಂತಿವೆಯಲ್ಲ ಎಂದು ಅವರಿಗೆ ಕರುಳು ಚುರ್ರೆಂದಿತ್ತು. ಪ್ರತಿ ಕಟ್ಟಿಗೆಗೂ ಅರಿಶಿನ ಬಳಿದು, ಕುಂಕುಮವಿಟ್ಟು, ಅಡ್ಡ ಕೋಲಿಗೆ ಹಸಿರು ಸೀರೆ ಉಡಿಸಿ, ಸೆರಗು ಹೊದಿಸಿದ್ದರು. ಫರಸಿಯ ತಗ್ಗಿನಲ್ಲಿ ನೀರು ಚೆಲ್ಲಿ ಅಂಬಲಿ ತುಂಬಿ ಹೂ ಏರಿಸಿದ್ದರು.

ಅಡ್ಡ ಕೋಲಿಗೆ ಸೀರೆ ಉಡಿಸಿದರೆ ಏನಾಗುತ್ತದೆ? ಬೆದರುಗೊಂಬೆ ಆಗುತ್ತದೆ. ಹಕ್ಕಿ ಕರೆಯಲು ನೆಟ್ಟದ್ದು ಹಕ್ಕಿ ಓಡಿಸಲು ಸೆರಗು ಬೀಸುತ್ತ ನಿಂತಿತ್ತು.

"ಏನ್ ಮಾಡೀರಿ ಕಾಕಿ ಇದು!"

"ಹ್ಯಾಂಗ ಕಾಣ್ತಾವ ನೋಡವ್ವಾ, ಸಾಲ್ಹಿಡಿದು ಲಕ್ಷ್ಮೀ ನಿಂತಂಗ. ನಂದೇ ಸೀರಿ ಅದಾವ ಎಲ್ಲಾ. ವಾಪಸ್ ಕೊಡೂದು ಬ್ಯಾಡ."

ಪೂಜೆಗಿಟ್ಟದ್ದನ್ನು ಹೊತ್ತು ಮುಳುಗುವ ಮೊದಲು ಬಿಚ್ಚಬಾರದು. ಬಿಚ್ಚಿದರೆ ಕಾಕಿ ಅಲ್ಲೇ ಕುಂತು ಅಳುತ್ತಾರೆ. ದೇವರನ್ನು ನಂಬಿದವಳು ನಾನು, ಆದರೂ ಅವತ್ತು ದೇವರ ಮೇಲೆಯೇ ಸಿಟ್ಟು ಬಂತು. ನೆಗೆಣ್ಣಿ ಬದುವಿನ ಮೇಲೆ ಕುಳಿತುಬಿಟ್ಟಳು.

ಪರೀಕ್ಷಕಿ ಬಂದರು. ಕಾರಿಳಿದು ನಮ್ಮ ಹೊಲದವರೆಗೆ ಬರಲು ದಾರಿಯುದ್ದಕ್ಕೂ ಹೊಲಗಳು. ಈ ದಿನ ಹೊಲದ ಮುಂದೆ ಹಾದವರನ್ನು ಉಣ್ಣಿಸದೆ ಬಿಡುವುದು ನಮ್ಮಲ್ಲಿ ಇಲ್ಲ. ಒಂದು ಹೊಲದಲ್ಲಿ ಭಜ್ಜಿ, ಇನ್ನೊಂದರಲ್ಲಿ ಹೋಳಿಗೆ, ಮತ್ತೊಂದರಲ್ಲಿ "ಇಷ್ಟಾ? ನಮ್ಮ ಕೈಯಾಗಿಂದು ತಿನ್ನಬಾರ್ದೇನು?" ಎಂಬ ಜಗಳ. ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದೆಂದು ಎಲ್ಲರೂ ಉಡಿ ತುಂಬಿದರು. ಆಕೆ ಉಟ್ಟದ್ದು ಪ್ಯಾಂಟು, ಸೆರಗಿಲ್ಲ. ಕಾಕಿ ತಮ್ಮ ಶಾಲು ಹೊದಿಸಿ ಅದರಲ್ಲೇ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಸುರಿದರು. ಎರಡೂ ಕೈಯಿಂದ ಶಾಲಿನ ತುದಿ ಹಿಡಿದುಕೊಂಡ ಮೇಲೆ ದುರ್ಬೀನು ಹಿಡಿಯುವವರು ಯಾರು? ಅದು ಎದೆಯ ಮೇಲೆ ಸುಮ್ಮನೆ ತೂಗಾಡುತ್ತಿತ್ತು.

ಹಕ್ಕಿಗಳಾದರೂ ಬರಲಿಲ್ಲವೆಂದಲ್ಲ. ದೂರದ ಬೇವಿನ ಮರದಿಂದ ಇಳಿದು ಚರಗದ ಅನ್ನ ಹೆಕ್ಕಿ ತಿಂದವು. ಹೊಟ್ಟೆ ತುಂಬಿದ ಮೇಲೆ ಮರದ ಮೇಲೆ ಉಬ್ಬಿಕೊಂಡು ಕೂತವು. ಎದುರಿಗೆ ಹುಳು ಬಿದ್ದರೂ ಮೂಸಿ ನೋಡುವ ಹಾಗಿರಲಿಲ್ಲ. ಅವತ್ತು ಹೊಟ್ಟೆ ಬಿರಿಯ ಉಂಡದ್ದು ಪರೀಕ್ಷಕಿ ಒಬ್ಬರೇ ಅಲ್ಲ.

ಹೊರಡುವಾಗ ಆಕೆ ನೆಗೆಣ್ಣಿಯ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳೇ ನನಗೆ ಹೇಳಿದಳು. ಇಂಥ ಆದರ ಎಲ್ಲೂ ಕಂಡಿಲ್ಲ, ಆದರೆ ಹಕ್ಕಿ ಕಾಯಿಯಿಂದ ಹುಳು ತೆಗೆಯುವುದನ್ನು ನಾನು ನೋಡಲಿಲ್ಲ, ನೋಡದ್ದನ್ನು ನೋಡಿದೆನೆಂದು ಬರೆಯಲಾರೆ. ವಾರದೊಳಗೆ ಇದೇ ಹೊಲದ ವಿಡಿಯೋ ಕಳಿಸಿದರೆ ಅದನ್ನೂ ಮುಂದಿಡುತ್ತೇನೆ ಎಂದರಂತೆ.

ನ್ಯಾಯವಾದ ಮಾತು. ಕಾಕಾ ಮಾತ್ರ ಮೀಸೆಯೊಳಗೇ ನಕ್ಕರು. "ಹೋಳಿಗಿ ಖರೇ ಅದ ಅಂದ್ಲು. ಹಕ್ಕೀದು ಏನೂ ಅನ್ಲಿಲ್ಲ."

ಮರುದಿನವೇ ನಮ್ಮ ಯಜಮಾನರು ಶಹಾಬಾದಿನಿಂದ ಮದುವೆ ವಿಡಿಯೋ ಮಾಡುವವನನ್ನು ಕರೆತಂದರು. ಅವನು ಹಾರುವ ಕ್ಯಾಮೆರಾ ತಂದಿದ್ದ. ಅದು ಗುಂಯ್ ಎಂದು ಎದ್ದಿದ್ದೇ ತಡ, ಮುಧೋಳದ ಹಕ್ಕಿಯೆಲ್ಲ ಐನಾಪುರದ ದಿಕ್ಕಿಗೆ ಹೋಯಿತೆಂದು ಕಾಣುತ್ತದೆ.

"ಮ್ಯಾಲಿಂದ ಹೊಲ ಎಷ್ಟ ಛಂದ ಬಂದದ ನೋಡು," ಎಂದು ತೋರಿಸಲು ಬಂದರು.

"ಹಕ್ಕಿ ಎಲ್ಲ್ಯದಾವ್ರಿ ಇದ್ರಾಗ?"

"ಹಕ್ಕಿ ಸಣ್ಣವು ಇರ್ತಾವಲ್ಲ."

ನನಗೆ ಸಾಕಾಗಿ ಹೋಯಿತು. "ನಾಳೆಯಿಂದ ಹೊಲದ ಕಡಿ ಯಾರೂ ಬರಬ್ಯಾಡ್ರಿ. ನೀವಂತೂ ಬರಲೇಬ್ಯಾಡ್ರಿ," ಎಂದೆ. ಕಟ್ಟಿಗೆಗಳ ಸೀರೆ ಬಿಚ್ಚಿ, ಫರಸಿ ತೊಳೆದು ನೀರು ತುಂಬಿಸಿಯಾಗಿತ್ತು. ಮೊಬೈಲ್ ತೆಗೆದುಕೊಂಡು, ಸಾಲಿಗೆ ರಜೆ ಹಾಕಿದ ನೆಗೆಣ್ಣಿಯ ಜೊತೆ ನಾನೇ ನಡೆದೆ. ಅವಳಿಗೆ ಕೂರುವ ತಾಳ್ಮೆ ಇಲ್ಲ. ಹಕ್ಕಿ ಕಂಡರೆ ಅದರ ಹೆಸರು ಹೇಳಲು ಎದ್ದು ನಿಲ್ಲುತ್ತಾಳೆ. ಅವಳನ್ನು ಬದುವಿನ ಆಚೆ ಕೂರಿಸಿ, ಸೆರಗು ತಲೆಗೆ ಹೊದ್ದು, ತೊಗರಿ ಸಾಲಿನ ನಡುವೆ ಕೂತೆ. ದಿನಾ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಲುಗದೆ ಕೂತು ರೂಢಿ. ಅಲ್ಲಿಯೂ ಹಾಗೇ ಕೂತು ಮನಸ್ಸಿನಲ್ಲಿ ಶಿವಶಿವಾ ಎಂದೆ. ಮೊದಲ ದಿನ ಇರುವೆ ಕಡಿಯಿತು. ಮರುದಿನ ಸೊಂಟ ಹಿಡಿಯಿತು. ಚರಗದ ಅನ್ನ ಖಾಲಿಯಾದ ಮೇಲೆ ಒಂದು ಬೆಳಿಗ್ಗೆ, ಬಾಲ ಸೀಳಿದ ಕರಿ ಹಕ್ಕಿ ಬಂದು ಫರಸಿಯಲ್ಲಿ ಎರಡು ಗುಟುಕು ನೀರು ಕುಡಿದು, ಕೋಲಿನ ಮೇಲೆ ಕೂತಿತು. ಕತ್ತು ಓರೆ ಮಾಡಿತು. ಬಾಣದಂತೆ ಇಳಿದು ನನ್ನ ಮಗ್ಗುಲ ಗಿಡದ ಕಾಯಿಯಿಂದ ದಪ್ಪ ಹಸಿರು ಹುಳುವನ್ನು ಎಳೆಯಿತು. ಮೊಬೈಲ್ ಎಲ್ಲವನ್ನೂ ಹಿಡಿಯಿತು. ಬಸವಣ್ಣನ ಕೃಪೆ, ಇಷ್ಟಾದರೂ ಸಿಕ್ಕಿತು.

ಅಷ್ಟರಲ್ಲಿ ಬದುವಿನ ಆಚೆ ನೆಗೆಣ್ಣಿಯ ಮೊಬೈಲು ಬಡಿದುಕೊಂಡಿತು. ಯಜಮಾನರು. "ನಿಮ್ಮ ಅಕ್ಕಾಗ ಕೇಳವ್ವಾ, ಚಹಾಪುಡಿ ಡಬ್ಬಿ ಎಲ್ಲಿಟ್ಟಾಳಂತ." ಹಕ್ಕಿ ಹಾರಿತು. ವಿಡಿಯೋದ ಕೊನೆಗೆ ಆ ಗಂಟೆ, ಹಿಂದೆಯೇ ನಾನು ಹಲ್ಲು ಕಡಿದು ಅಂದ ಒಂದು ಮಾತು, ಎರಡೂ ಸೇರಿಕೊಂಡಿವೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಕತ್ತರಿಸಿ ಕಳಿಸೋಣ ಎಂದರೆ ನೆಗೆಣ್ಣಿ ಕೇಳಲಿಲ್ಲ. ಕತ್ತರಿಸಿದರೆ ಏನೋ ಮಾಡಿದ್ದಾರೆ ಎಂದು ಅನುಮಾನ ಬರುತ್ತದಂತೆ. ಇದ್ದ ಹಾಗೇ ಪರದೇಶಕ್ಕೆ ಹೋಯಿತು.

ಬಹುಮಾನ ಬರಲಿಲ್ಲ. ಬೇರೆ ದೇಶಗಳ ಯಾರಿಗೋ ಹೋಯಿತು, ಅವರೂ ಒಳ್ಳೆಯ ಕೆಲಸವನ್ನೇ ಮಾಡಿರಬೇಕು. ಒಂದೇ ಒಂದು ಹಕ್ಕಿಯನ್ನು ನೋಡಿ ಇಡೀ ಹೊಲದ ಮಾತು ಹೇಳಲಾಗದು, ಇನ್ನೊಂದು ಬೆಳೆ ನೋಡಿ ಮತ್ತೆ ಬರೆಯಿರಿ ಎಂದು ಅವರು ಉತ್ತರ ಬರೆದಿದ್ದರು. ನೆಗೆಣ್ಣಿ ಅವತ್ತು ಉಣ್ಣಲಿಲ್ಲ. ಮರುದಿನ ಮೊಬೈಲ್ ಹಿಡಿದು ಕಾಕಾನ ಮನೆಗೆ ಹೋದಳು, ನಾನೂ ಹೋದೆ. ಕಾಕಾ ಕನ್ನಡಕ ಹಾಕಿಕೊಂಡು ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ನನ್ನ ಮಾತು ಬಂದಾಗಲೆಲ್ಲ ಕಾಕಿ ಬಾಯಿಗೆ ಸೆರಗು ಒತ್ತಿಕೊಂಡರು.

"ಅಕಿ ಖರೇ ಅಂದಾಳೇನು?"

"ಅಂದಿಲ್ರಿ ಕಾಕಾ."

"ಸುಳ್ಳ ಅಂದಾಳೇನು?"

"ಅದೂ ಅಂದಿಲ್ರಿ."

"ಹಂಗಾದ್ರ ಅರ್ಧ ಹೊಲ. ನಿಮ್ಮ ಬದುವಿನ ಕಡೀದು ಅರ್ಧ, ಅಲ್ಲಿ ಹೊಡಿಯಂಗಿಲ್ಲ. ಈ ಕಡೀದು ನನ್ನ ಪಂಪಿಂದು."

ಯಾವ ಹಕ್ಕಿಗೆ ತಿಳಿಯುತ್ತದೆ ಯಾವ ಅರ್ಧ ಎಂದು? ಗಾಳಿ ಬೀಸಿದರೆ ಔಷಧ ಅರ್ಧಕ್ಕೇ ನಿಲ್ಲುತ್ತದೆಯೇ? ನೆಗೆಣ್ಣಿ ಮಾತ್ರ ಆಗಲೇ ಒಪ್ಪಿ ಎದ್ದು ನಿಂತಿದ್ದಳು.

ಮುಂದಿನ ತೊಗರಿ ಮೊಳಕೆ ಒಡೆದ ಮೇಲೆ, ಒಂದು ಭಾನುವಾರ, ನೆಗೆಣ್ಣಿಯೂ ಕಾಕಾನೂ ಅವರ ಹೊಲದಲ್ಲಿ ಕಟ್ಟಿಗೆ ನೆಡಲು ನಿಂತರು. ಅರ್ಧ ಎಲ್ಲಿಗೆ ಮುಗಿಯಿತು ಎಂಬುದಕ್ಕೆ ಜಗಳ. ಇವಳು ಒಂದು ಸಾಲು ಮುಂದೆ ಹೋಗುತ್ತಾಳೆ, ಅವರು ಕಟ್ಟಿಗೆ ಕಿತ್ತು ಒಂದು ಸಾಲು ಹಿಂದೆ ತರುತ್ತಾರೆ. "ಇಲ್ಲಿಂದ ಗಾಳಿ ಈ ಕಡಿ ಬೀಸ್ತದ್ರಿ ಕಾಕಾ!" "ಗಾಳೀಗಿ ಹೇಳವ್ವಾ, ನನಗ್ಯಾಕ ಹೇಳ್ತಿ?" ಬಿಸಿಲು ನೆತ್ತಿಗೆ ಬಂತು. ನಾನು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ಬರ್ರಿ ಉಣ್ರಿ ಎಂದು ಕೂಗಿ ಕೂಗಿ ಸಾಕಾಗಿ ಒಬ್ಬಳೇ ಉಣ್ಣತೊಡಗಿದೆ. ಅವರಿಬ್ಬರೂ ಒಂದೇ ಕಟ್ಟಿಗೆಯನ್ನು ಆ ಕಡೆ ಈ ಕಡೆ ಹಿಡಿದು ಎಳೆಯುತ್ತಿದ್ದರು. ಬದುವಿನಿಂದ ಅಲ್ಲಿಯವರೆಗೆ ಅವಳು ನೆಟ್ಟ ಕಟ್ಟಿಗೆಗಳನ್ನು ಮಾತ್ರ ಕಾಕಾ ಮುಟ್ಟಿರಲಿಲ್ಲ.