ಹೂಬಳ್ಳಿ ನುಂಗಿದ ಸಾಲು

ಖಾಲಿ ಜಾಗ ಕಂಡರೆ ಹೂಬಳ್ಳಿ ಬರೆಯುವುದು ನನ್ನ ಹಳೆಯ ಚಟ. ಮದುವೆ ಪತ್ರಿಕೆಯ ಬೆನ್ನು, ಇನ್‌ಲ್ಯಾಂಡ್ ಕಾಗದದ ಅಂಚು, ಯಾವುದನ್ನೂ ನಾನು ಬಿಟ್ಟವಳಲ್ಲ. ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾನು ಬರೆದ ಒಂದು ಹೂಬಳ್ಳಿ ಹೊಳಲು ಎಂಬ ಹಳ್ಳಿಯ ಎಳೆಗೂಸಿನ ತಾಯಿಯೊಬ್ಬಳ ತಟ್ಟೆಯಿಂದ ಎರಡು ತಿಂಗಳ ಕಾಳನ್ನು ಕಸಿದುಕೊಂಡಿತು.

ಇದು ಎಪ್ಪತ್ತರ ದಶಕದ ಮಾತು. ನಾನಾಗ ಮಂಡ್ಯ ತಾಲ್ಲೂಕಿನಲ್ಲಿ ಹೊಸ ಗ್ರಾಮಸೇವಿಕೆ. ಹಳ್ಳಿ ಹೆಂಗಸರಿಗೆ ಊಟದ ವಿಚಾರ ತಿಳಿಸಲು ನಮಗೆ ತರಬೇತಿ ಕೊಟ್ಟರು. ವಯಸ್ಸಾದ ಡಾಕ್ಟರೊಬ್ಬರು, ಮಗುವಿಗೆ ದಿನಕ್ಕೆ ಇಷ್ಟು ಪ್ರೋಟೀನು, ಹಾಲೂಡಿಸುವ ತಾಯಿಗೆ ಇಷ್ಟು ಎಂದು ಬೋರ್ಡಿನ ಮೇಲೆ ಅಂಕಿಗಳನ್ನು ಬರೆದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, "ನೋಡ್ರಮ್ಮ, ಇದೆಲ್ಲ ಕೆಲವೇ ಜನರನ್ನ ನೋಡಿ ಹಾಕಿದ ಲೆಕ್ಕ. ಒಬ್ಬರ ಮೈ ಇದ್ದಂಗೆ ಇನ್ನೊಬ್ಬರದು ಇರಲ್ಲ. ಯಾರಿಗೂ ಕಮ್ಮಿ ಬೀಳದೆ ಇರಲಿ ಅಂತ ಒಂದಷ್ಟು ಮೇಲೆ ಸೇರಿಸಿದ್ದಾರೆ. ಮುಂದೆ ಬದಲಾಗಬಹುದು. ಇದನ್ನೂ ಜನಕ್ಕೆ ಹೇಳಿ" ಎಂದರು.

ಆ ಮಾತನ್ನು ನೋಟ್‌ಬುಕ್ಕಿನಲ್ಲಿ ವಿಧೇಯಳಾಗಿ ಬರೆದುಕೊಂಡೆ. ಹಳ್ಳಿಗಳಿಗೆ ಒಯ್ಯುವ ದೊಡ್ಡ ಚಾರ್ಟು ಬರೆಯುವಾಗ ಕೆಳಗೆ ಎರಡಂಗುಲ ಜಾಗವೂ ಉಳಿದಿತ್ತು. ಆದರೆ ನನಗೆ ಅಳುಕು ಹುಟ್ಟಿತು. ಸೀರೆಯ ನೆರಿಗೆ ಎಡವಿ ಬೀಳುವ ಹುಡುಗಿ ನಾನು. ನಾಲ್ಕಾರು ಹೆತ್ತು ಸಾಕಿದವರ ಮುಂದೆ ನಿಂತು "ಇದು ಖಚಿತವೇನಲ್ಲ" ಎಂದರೆ ಯಾರು ಕೇಳಿಯಾರು? ಡಾಕ್ಟರ ಆ ಮಾತಿನ ಸಾಲು ಬರಬೇಕಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ಹೂಬಳ್ಳಿ ಹಬ್ಬಿಸಿದೆ. ಚೆನ್ನಾಗಿಯೇ ಬಂದಿತ್ತು.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾವು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದೆವು. ಊಟವನ್ನು ಪೂರ್ತಿ ಬಲ್ಲವರು ಯಾರು ಎಂದು ಗಾದೆ ಹೇಳುವುದಿಲ್ಲ, ನಾವೂ ಕೇಳುತ್ತಿರಲಿಲ್ಲ. ಪಂಚಾಂಗದಲ್ಲಿ ಮಳೆ ಇಷ್ಟು ಕೊಳಗ ಎಂದು ಅಚ್ಚಾಗಿದ್ದರೂ ಓದಿ ಹೇಳುವ ಜೋಯಿಸರು ಕೊನೆಗೆ "ದೈವಚಿತ್ತ" ಎಂದು ಸೇರಿಸುತ್ತಾರೆ. ವಿಜ್ಞಾನ ಹೊತ್ತುಕೊಂಡು ಹೊರಟ ನನಗೆ ಆ ಜೋಯಿಸರಷ್ಟು ವಿನಯವೂ ಇರಲಿಲ್ಲ.

ಹೊಳಲಿಗೆ ಹೋದಾಗ ನಾನು ಚಾರ್ಟು ತೂಗುಹಾಕುತ್ತಿದ್ದದ್ದು ನಿಂಗಮ್ಮ ಎಂಬ ಹಿರಿಯಾಕೆಯ ಜಗಲಿಯಲ್ಲಿ. ಅವರ ಸೊಸೆ ಜಯಮ್ಮನಿಗೆ ಮೂರು ವರ್ಷದ ಒಬ್ಬ ಸಣಕಲು ಮಗ, ಮಡಿಲಲ್ಲೊಂದು ಎಳೆಗೂಸು. ಓದು ಬಲ್ಲ ಜಯಮ್ಮ ಮಗನ ಅಂಕಿಯನ್ನು ಬರೆದುಕೊಂಡಳು. ಅದಕ್ಕೆ ಎಷ್ಟು ಹಿಡಿ ಕಾಳು ಬೇಕೆಂದು ನಾನೇ ಹೇಳಿಕೊಟ್ಟೆ.

ಎರಡು ತಿಂಗಳಾದ ಮೇಲೆ ಇಲಾಖೆಯಿಂದ ಸುತ್ತೋಲೆ ಬಂತು. ಮಗುವಿನ ಅಂಕಿಯನ್ನು ಇಳಿಸಿದ್ದರು. ಬಿಳಿ ಕಾಗದದ ಚೂರಿನ ಮೇಲೆ ಹೊಸ ಅಂಕಿ ಬರೆದು, ಹೊರಡುವ ಹೊತ್ತಿಗೆ ಮೈದಾ ಅಂಟಿನಲ್ಲಿ ಹಳೆಯದರ ಮೇಲೆ ಅಂಟಿಸಿದೆ. ಯಾರಿಗೂ ಏನೂ ಹೇಳಬೇಕಿಲ್ಲ ಎಂದುಕೊಂಡು ಹೊಳಲಿಗೆ ಹೋಗಿ ಚಾರ್ಟು ತೂಗುಹಾಕಿದೆ.

"ಇದೇನವ್ವ ತ್ಯಾಪೆ?" ಎಂದರು ನಿಂಗಮ್ಮ. ಅಂಟು ಇನ್ನೂ ಹಸಿ. ಅವರು ಉಗುರಿನಲ್ಲಿ ಕೆರೆದದ್ದೇ ಚೂರು ಕೈಗೆ ಬಂತು. ಜಯಮ್ಮ ಎರಡು ಅಂಕಿಗಳನ್ನೂ ಓದಿದಳು. "ಅವತ್ತು ಜಾಸ್ತಿ ಇತ್ತಲ್ಲ ಅಮ್ಮಾವ್ರೆ?" ಎಂದು ಮೆಲ್ಲಗೆ ಕೇಳಿದಳು.

"ಇದು ಬದಲಾಗಬಹುದು ಅಂತ ಡಾಕ್ಟರು ಅವತ್ತೇ ಹೇಳಿದ್ದರು. ನಾನೇ ನಿಮಗೆ ಹೇಳಲಿಲ್ಲ" ಎಂದೆ.

"ಮುದ್ದೆಗೆ ಎಸ್ಟು ನೀರು ಅಂತ ನೀನ್ ಕೇಳುದ್ರೆ, ರಾಗಿ ನೋಡ್ಕಂಡು ಅಂತೀನಿ" ಎಂದರು ನಿಂಗಮ್ಮ. "ಮೂವತ್ತೊರ್ಸದಿಂದ ಮುದ್ದೆ ತಿರುವ್ತಿವ್ನಿ, ಈಗ್ಲೂ ಅಂಗೇ ಅನ್ನಾದು. ಅಂಗಂದ್ರೆ ನಂಗೆ ಮುದ್ದೆ ಬರಾಕಿಲ್ಲ ಅಂತಾನಾ? ಸರ್ಯಾಗ್ ಗೊತ್ತಿಲ್ಲ ಅಂತ ನೀನ್ ಒಂದ್ ಮಾತು ಅಂದುಬುಟ್ಟಿದ್ರೆ, ಇವ್ಳು ತನ್ ಪಾಲಿನ ಕಾಳ್ನೂ ಮಗೀಗೆ ಆಕ್ಬುಟ್ಟು ಎರಡ್ ತಿಂಗ್ಳು ಬರೀ ಉಪ್ಪು ಮೆಣಸಿನಕಾಯ್ಲಿ ಮುದ್ದೆ ನುಂಗ್ತಿರ್ಲಿಲ್ಲ ಕಣವ್ವ."

ಮಡಕೆಯಲ್ಲಿದ್ದ ಕಾಳು ಇಬ್ಬರಿಗೆ ಸಾಲುತ್ತಿರಲಿಲ್ಲ. ನನ್ನ ಅಂಕಿಯನ್ನು ನಂಬಿ ಜಯಮ್ಮ ತನ್ನ ಪಾಲು ಬಿಟ್ಟಿದ್ದಳು. ಅವಳ ಕತ್ತಿನ ಮೂಳೆಗಳು ನನಗೆ ಅವತ್ತು ಮೊದಲ ಸಲ ಕಂಡವು. ನಾಚಿಕೆಯಿಂದ ಕುಗ್ಗಿಹೋದೆ. ಚಾರ್ಟಿನಲ್ಲಿ ನನಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಎಂದು ಜಗಲಿಯಲ್ಲೇ ಕುಳಿತು ಹೇಳಿದೆ. "ನಿನ್ನ ಪಾಲು ನೀನು ತಿನ್ನಬೇಕು ಜಯಮ್ಮ, ಇದು ಮಾತ್ರ ಖಂಡಿತ" ಎಂದೆ. ಆಮೇಲೆ ಹೂಬಳ್ಳಿಯ ಮೇಲೆ ಬಿಳಿ ಕಾಗದ ಅಂಟಿಸಿ, ಅದು ನುಂಗಿದ್ದ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದೆ.

ಇನ್ನು ನನ್ನ ಮಾತು ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಆದರೆ ಮುಂದಿನ ತಿಂಗಳು ಜಗಲಿಯ ತುಂಬ ಹೆಂಗಸರು, ಕೂರಲು ಜಾಗವಿರಲಿಲ್ಲ. ಜಯಮ್ಮ ಉಣ್ಣುತ್ತಿದ್ದ ತಟ್ಟೆ ಹಿಡಿದೇ ಹೊರಗೆ ಬಂದಳು; ನಾನು ಮೊದಲು ತಟ್ಟೆ ನೋಡಿದೆ, ಮುದ್ದೆಯ ಪಕ್ಕ ಅವರೆಕಾಳಿತ್ತು. ನಿಂಗಮ್ಮ ಸರಿದು ಜಾಗ ಮಾಡಿಕೊಟ್ಟರು.

"ಬಾ ಕಣವ್ವ" ಎಂದರು. "ಈ ಸಲ ಏನೇನ್ ಗೊತ್ತಿಲ್ಲ, ಮೊದ್ಲು ಅದ್ನ ಏಳ್ಬುಡು."